ಸಾವಿರ ವರ್ಷಗಳ ಮುಂದಿನ ಕನ್ನಡ



ಇನ್ನು ಸಾವಿರ ವರ್ಷಗಳ ಮೇಲೆ ಈ ಚಂದ್ರಗಿರಿಯ ದಡದಲ್ಲಿ ಜನರು ಯಾವ ನುಡಿಯನ್ನಾಡುವರು? ಮುಂದಿನದನ್ನು ಕಂಡವರಿಲ್ಲ. ಆದರೂ ಹಿಂದಿನ ಸಾವಿರ ವರ್ಷಗಳನ್ನು ನೋಡಿದರೆ ನುಡಿಯ ನಡೆ ಕೊಂಚಮಟ್ಟಿಗೆ ತಿಳಿಯುತ್ತದೆ.

ಹಳಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹೂವು ‘ಪೂ’ ಎಂದಿದ್ದಿತು. ಕಾಲಕ್ರಮದಲ್ಲಿ ಪದದ ಮೊದಲಿನ ಪಕಾರವು ಹಕಾರವಾಯಿತು. ನೆರೆಯ ತುಳುವರು ಇಂದಿಗೂ ‘ಪೂ’ ಎನ್ನುತ್ತಾರೆ, ಮಲಯಾಳಿಗಳು ‘ಪಾಲ್’ ಎನ್ನುತ್ತಾರೆ. ಪಂಪನ ಕಾಲದಲ್ಲಿ ಮಳೆಯನ್ನು ‘ಮೞೆ’ ಎಂದು ಬರೆಯುತ್ತಿದ್ದರು. ಆ ‘ೞ’ಕಾರ ನಮ್ಮ ನಾಲಗೆಯಿಂದ ಅಳಿಯಿತು, ನೆರೆಮನೆಯ ಮಲಯಾಳದಲ್ಲಿ ಇನ್ನೂ ಕೇಳಿಸುತ್ತದೆ. ಪಾರಸಿಯಿಂದ ಕಾಗದವೂ ಪೋರ್ಚುಗೀಸರಿಂದ ಪಾದ್ರಿ, ಅನಾನಸು ಎಂಬ ಮಾತುಗಳೂ ಬಂದು ಸೇರಿದವು. ಇಷ್ಟಾದರೂ ಕನ್ನಡವು ಕನ್ನಡವಾಗಿಯೇ ಉಳಿಯಿತು. ಆದುದರಿಂದ ಮಾರ್ಪಾಟಿಗೆ ನಾವು ಅಂಜಬೇಕಾದುದಿಲ್ಲ.

ಹಳ್ಳಿಯ ಆಡುನುಡಿಯನ್ನು ಕೀಳೆಂದು ಭಾವಿಸಲೂ ಬಾರದು. ಹವ್ಯಕ ಕನ್ನಡದಲ್ಲಿ ಕೇಳುವವನನ್ನೂ ಕೂಡಿಸಿಕೊಂಡರೆ ‘ನಾವು’, ಬಿಟ್ಟು ಹೇಳಿದರೆ ‘ಎಂಗೊ’. ತುಳುವಿನಲ್ಲಿಯೂ ‘ನಮ’, ‘ಎಂಕುಳು’ ಎಂಬ ಭೇದವಿದೆ. ಗ್ರಂಥದ ಕನ್ನಡ ಕಳೆದುಕೊಂಡ ಈ ಸೂಕ್ಷ್ಮವನ್ನು ನಮ್ಮ ಅಡಿಗೆಮನೆಗಳು ಕಾಪಾಡಿವೆ.

ಲ್ಯಾಟಿನ್ ನುಡಿಯು ರೋಮನರ ಆಳ್ವಿಕೆ ಚದುರಿದ ಬಳಿಕ ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಎಂದು ಕವಲೊಡೆಯಿತು. ಗಡಿಯ ಈಚೆಯ ಕನ್ನಡವೂ ಆಚೆಯ ಕನ್ನಡವೂ ಹಾಗೆಯೇ ಅಗಲಬಹುದು. ಎರಡು ಕಡೆಯ ಮಕ್ಕಳೂ ಒಂದೇ ಲಿಪಿಯನ್ನು ಬರೆದು, ಒಂದೇ ಸಾಹಿತ್ಯವನ್ನು ಓದುವ ತನಕ ಆ ಅಗಲಿಕೆ ದೂರವಿರುವುದು.

ಮಾರ್ಪಡುವ ನುಡಿಗೆ ಆಯುಸ್ಸುಂಟು. ಮಕ್ಕಳ ಬಾಯಿಗೆ ಬಾರದ ನುಡಿಗೆ ಇಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರಭಾಗವು ಕನ್ನಡನಾಡಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದುದು ಇಂದಿಗೂ ಕಾರ್ಯಗತವಾಗಿಲ್ಲ. ಆ ನ್ಯಾಯವನ್ನು ನಾವು ಕೇಳುತ್ತಲೇ ಇರೋಣ. ಆದರೆ ತೀರ್ಪು ಬರುವ ದಿನ ಕನ್ನಡ ಬಲ್ಲವರೇ ಇಲ್ಲದಿದ್ದರೆ ಅದರಿಂದೇನು ಫಲ?

ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಸರಕಾರಕ್ಕೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಮಕ್ಕಳನ್ನು ಕನ್ನಡ ತರಗತಿಗೆ ಸೇರಿಸಿರಿ; ಅರ್ಜಿಗಳನ್ನು ಕನ್ನಡದಲ್ಲಿ ಬರೆಯಿರಿ. ಮಲಯಾಳವನ್ನೂ ಕಲಿಯಲಿ, ಅದು ನೆರೆಯವರ ನುಡಿ. ರಾತ್ರಿ ಮಗುವಿಗೆ ಕಥೆ ಹೇಳುವಾಗ ಮಾತ್ರ ಕನ್ನಡದಲ್ಲಿಯೇ ಹೇಳಿರಿ. ಸಾವಿರ ವರ್ಷಗಳ ಮುಂದಿನ ಕನ್ನಡ ಅಲ್ಲಿಂದಲೇ ಹೊರಡಬೇಕು.