ಠಾಣೆಯಲ್ಲಿಟ್ಟ ಚಿನ್ನ, ಖಜಾನೆ ಕೊಟ್ಟ ಪರಿಹಾರ

ಪೊಲೀಸರಿಂದಾದ ನಷ್ಟಕ್ಕೆ ಸರ್ಕಾರದ ಮೇಲೆ ದಾವೆ ಹೂಡಬಹುದೇ? ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಎದುರಿಸಿದ್ದು ಒಂದು ಚಿನ್ನದ ಗಂಟಿನ ನೆಪದಲ್ಲಿ.

1947ರ ಸೆಪ್ಟೆಂಬರ್. ಅಮೃತಸರದ ಚಿನ್ನ-ಬೆಳ್ಳಿ ವ್ಯಾಪಾರಿಯೊಬ್ಬರು ಮಾಲು ಮಾರಲು ಮೀರತ್‌ಗೆ ಬಂದಿಳಿದರು. ನಡುರಾತ್ರಿ ಚೌಪ್ಲಾ ಬಜಾರಿನಲ್ಲಿ ಮೂವರು ಕಾನ್‌ಸ್ಟೇಬಲ್‌ಗಳು ಅವರನ್ನು ಹಿಡಿದು ಠಾಣೆಗೆ ಕರೆದೊಯ್ದರು, ಬಳಿಯಿದ್ದ ಚಿನ್ನ-ಬೆಳ್ಳಿ ಜಪ್ತಿಯಾಯಿತು. ಮರುದಿನ ಜಾಮೀನು ಸಿಕ್ಕಿತು, ಆಮೇಲೆ ಬೆಳ್ಳಿಯೂ ಕೈಸೇರಿತು. 103 ತೊಲಕ್ಕೂ ಮಿಕ್ಕಿದ್ದ ಚಿನ್ನ ಮಾತ್ರ ಬರಲಿಲ್ಲ. ಅದನ್ನು ಕಾಯಬೇಕಿದ್ದ ಹೆಡ್ ಕಾನ್‌ಸ್ಟೇಬಲ್ಲೇ ಲಪಟಾಯಿಸಿ ಪಾಕಿಸ್ತಾನಕ್ಕೆ ಪರಾರಿಯಾಗಿದ್ದ. ಪೊಲೀಸರ ನಿರ್ಲಕ್ಷ್ಯವನ್ನು ಕೋರ್ಟ್ ಒಪ್ಪಿತು. ಆದರೂ, ಬಂಧನ ಮತ್ತು ಜಪ್ತಿ ಸಾರ್ವಭೌಮ ಅಧಿಕಾರದ ಕೆಲಸ, ಅದಕ್ಕೆ ಸರ್ಕಾರ ಹೊಣೆಯಲ್ಲ ಎಂದು 1964ರಲ್ಲಿ ತೀರ್ಪಿತ್ತಿತು. ಇದೇ ಕಸ್ತೂರಿಲಾಲ್ ಪ್ರಕರಣ. ಶಾಸಕಾಂಗ ಇದಕ್ಕೊಂದು ಕಾನೂನು ಮಾಡಲಿ ಎಂದೂ ಕೋರ್ಟ್ ಹೇಳಿತು. ಮಸೂದೆ ಬಂತು, ಬಿದ್ದೂ ಹೋಯಿತು.

ನಮ್ಮ ಆಗಿನ ಮೈಸೂರು ರಾಜ್ಯದಲ್ಲೂ ಇಂಥದೇ ನಡೆಯಿತು. ಕಳವಾಗಿ ಸಿಕ್ಕ ಒಡವೆ ಪೊಲೀಸರ ವಶದಲ್ಲೇ ಕಾಣೆಯಾಯಿತು. ಈ ಬಾರಿ, 1977ರಲ್ಲಿ, ಅದರ ಬೆಲೆ 10,000 ರೂಪಾಯಿಯನ್ನು ಮಾಲೀಕರಿಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಹೇಳಿತು.

ಒಡವೆಗೆ ಸಿಕ್ಕ ನ್ಯಾಯ ಜೀವಕ್ಕೆ ಸಿಗಲು ಇನ್ನೂ ಕಾಯಬೇಕಾಯಿತು. 1987ರ ಡಿಸೆಂಬರಿನಲ್ಲಿ ಒಡಿಶಾದ 22 ವರ್ಷದ ಯುವಕನನ್ನು ಪೊಲೀಸರು ಕರೆದೊಯ್ದರು. ಮರುದಿನ ರೈಲು ಹಳಿಯ ಬಳಿ ಅವನ ಶವ ಸಿಕ್ಕಿತು. ತಾಯಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ಸ್ವೀಕರಿಸಿ, 1993ರಲ್ಲಿ 1,50,000 ರೂಪಾಯಿ ಪರಿಹಾರ ಕೊಡಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಯಾದಲ್ಲಿ ಸಾರ್ವಭೌಮತ್ವದ ರಕ್ಷಣೆ ನಡೆಯದು ಎಂದಿತು. ದೊಡ್ಡ ಗೆಲುವು, ಸಂಶಯವಿಲ್ಲ.

ಆದರೆ ಆ ಹಣ ಯಾರದು? ಖಜಾನೆಯದು, ಅಂದರೆ ನಮ್ಮದೇ. ಲಾಠಿ ಬೀಸಿದವರ ಜೇಬಿಗೆ ಕೈಹಾಕುವ ದಾರಿ ಇಂದಿಗೂ ಇಕ್ಕಟ್ಟು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನ ಪ್ರಕಾರ, ಕರ್ತವ್ಯದ ಹೆಸರಿನಲ್ಲಿ ಅಧಿಕಾರ ಮೀರಿ ಮಾಡಿದ ಕೃತ್ಯಕ್ಕೂ, ಸರ್ಕಾರದ ಪೂರ್ವಾನುಮತಿಯಿಲ್ಲದೆ ದಾವೆಯಾಗಲಿ ಮೊಕದ್ದಮೆಯಾಗಲಿ ನಿಲ್ಲದು. ತಪ್ಪಿತಸ್ಥನ ಯಜಮಾನನನ್ನೇ ಒಪ್ಪಿಗೆ ಕೇಳುವ ಈ ವ್ಯವಸ್ಥೆ ನನಗಂತೂ ಅನ್ಯಾಯವೆಂದೇ ಕಾಣುತ್ತದೆ.

ಇದಕ್ಕೆ ಹೊರತಾಗಿ ಇರುವುದು ಪೊಲೀಸ್ ದೂರು ಪ್ರಾಧಿಕಾರ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಡಿವೈಎಸ್ಪಿವರೆಗಿನವರ ಮೇಲಿನ ದೂರಿಗೆ ಜಿಲ್ಲೆಯಲ್ಲೂ ಎಸ್ಪಿ ಮತ್ತು ಮೇಲಿನವರದಕ್ಕೆ ರಾಜ್ಯಮಟ್ಟದಲ್ಲೂ ಪ್ರಾಧಿಕಾರ ಇರಬೇಕೆಂದಿತು. ಅಲ್ಲಿಗೆ ಹೋಗುವವರು ಬಾಯಿಮಾತಿನ ದೂರು ಕೊಡಬೇಡಿ. ಬಂಧಿಸುವ ಪೊಲೀಸರು ಹೆಸರುಪಟ್ಟಿ ಧರಿಸಿರಲೇಬೇಕೆಂದು ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪು ಹೇಳಿದೆ. ಆ ಹೆಸರು, ಠಾಣೆ, ಹೊತ್ತು ಬರೆದಿಡಿ, ಗಾಯವಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಿ, ದೂರಿನ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೇ ಬನ್ನಿ.