ಬರೀ ಬಿಎಸ್ಸಿ ಓದಿ ಏನು ಪ್ರಯೋಜನ?
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)



ಅರ್ಜಿ ಪರಿಶೀಲನೆಯ ದಿನ ಭದ್ರಾವತಿಯ ತಾಯಿಯೊಬ್ಬರು ನಮ್ಮನ್ನು ಕೇಳಿದರು: "ಮಗಳಿಗೆ ಡಾಕ್ಟರ್ ಸೀಟು ಸಿಗಲಿಲ್ಲ. ಬರೀ ಬಿಎಸ್ಸಿ ಓದಿಸಿ ಏನು ಪ್ರಯೋಜನ ಸಾಹೇಬ್ರೇ?" ನಮ್ಮ ಜಿಲ್ಲೆಯದೇ ಒಂದು ಕಾಯಿಲೆಯನ್ನು ಮುಂದಿಟ್ಟು ಉತ್ತರ ಹೇಳುತ್ತೇವೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನರಿಗೂ ಜ್ವರ ಬಂತು. ಉಣುಗಿನ ಕಡಿತದಿಂದ ಹರಡುವ ಆ ವೈರಸ್ ಜ್ವರವೇ ಮಂಗನ ಕಾಯಿಲೆ.

ವೈರಸ್ ಒಳಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಅದು ನೆರೆಕೋಶದ ಹೊರಪೊರೆಗೆ ತಾಗಿದಾಗ ಒಳಗೆ ಜ್ಯಾಕ್ ಎಂಬ ಕಿಣ್ವಗಳು ಚುರುಕಾಗಿ ಸ್ಟ್ಯಾಟ್ ಎಂಬ ಪ್ರೋಟೀನ್‌ಗಳಿಗೆ ಸಂದೇಶ ದಾಟಿಸುತ್ತವೆ. ಸ್ಟ್ಯಾಟ್‌ಗಳು ಕೋಶಕೇಂದ್ರ ಸೇರಿ ವೈರಸ್ ತಡೆಯುವ ನೂರಾರು ಜೀನ್‌ಗಳನ್ನು ಎಬ್ಬಿಸುತ್ತವೆ. ಮಂಗನ ಕಾಯಿಲೆಯ ವೈರಸ್ ತನ್ನ ಎನ್‌ಎಸ್5 ಎಂಬ ಪ್ರೋಟೀನ್ ಮೂಲಕ ಈ ಸಂದೇಶವನ್ನು ದಾರಿಯಲ್ಲೇ ತಡೆಯುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ರೋಗದೊಡನೆ ಹೋರಾಡುವ ಬಿಳಿರಕ್ತಕಣಗಳು ಬೆಳೆಯುವುದೂ ಇಂಥ ಸಂದೇಶಗಳಿಂದಲೇ. ಜ್ಯಾಕ್-3 ಎಂಬ ಒಂದೇ ಕಿಣ್ವ ಹುಟ್ಟಿನಿಂದ ಕೆಲಸ ಮಾಡದಿದ್ದರೆ ಮಗುವಿನಲ್ಲಿ ಟಿ ಕೋಶಗಳು ಬೆಳೆಯುವುದಿಲ್ಲ. ಸಣ್ಣ ಸೋಂಕೂ ಪ್ರಾಣಕ್ಕೆ ಕುತ್ತಾಗುತ್ತದೆ.

ಮಂಗನ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧಿ ಇಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದ ಕಾರಣ ನಿಂತಿದೆ. ಹೊಸ ಲಸಿಕೆಗೆ ಐಸಿಎಂಆರ್ ಪ್ರಯತ್ನ ನಡೆಸಿದೆ. ಇದು ಡಾಕ್ಟರುಗಳಿಂದ ಮಾತ್ರ ಆಗುವ ಕೆಲಸವಲ್ಲ. ರಕ್ತದ ಮಾದರಿ ಪರೀಕ್ಷಿಸುವವರು, ಕೋಶಗಳನ್ನು ಬೆಳೆಸಿ ವೈರಸ್‌ನ ಗುಟ್ಟು ಹುಡುಕುವವರು, ಕಾಡಂಚಿನ ಮನೆಗಳಲ್ಲಿ ಆರೈಕೆ ಮಾಡುವ ನರ್ಸ್‌ಗಳು ಎಲ್ಲರೂ ಬೇಕು. ವೈರಸ್ ಪತ್ತೆ ಪ್ರಯೋಗಾಲಯ ಶಿವಮೊಗ್ಗದಲ್ಲೇ ಇದೆ. ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲೋ ಭದ್ರಾವತಿಯ ಸರ್ ಎಂ.ವಿ. ಸರ್ಕಾರಿ ವಿಜ್ಞಾನ ಕಾಲೇಜಿನಲ್ಲೋ ಬಿಎಸ್ಸಿ ಮುಗಿಸಿದವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನ ಓದಬಹುದು. ದಿನವೂ ಬಸ್ಸಿನಲ್ಲಿ ಹೋಗಿ ಬರುವ ದೂರ.

ಆದ್ದರಿಂದ ಆ ತಾಯಿಗೆ ನಮ್ಮ ಮನವಿ: ಮಗಳ ಓದು ನಿಲ್ಲಿಸಬೇಡಿ. ಬಿಎಸ್ಸಿ, ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ ಓದುವವರೂ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿಯೊಂದಿಗೆ ಟ್ರಸ್ಟ್ ಕಚೇರಿಗೆ ಅರ್ಜಿ ಕೊಡಬಹುದು. ದಾನಿಗಳಲ್ಲಿ ನಮ್ಮ ಕೋರಿಕೆ: ವೈದ್ಯಕೀಯ ಸೀಟಿಗೆ ಕೊಡುವಷ್ಟೇ ಸಂತೋಷದಿಂದ ಈ ಮಕ್ಕಳ ಓದಿಗೂ ಕೊಡಿ. ಕೊಟ್ಟವರ ದಾನವನ್ನೂ ಓದುವವರ ಶ್ರಮವನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.