ಯುವಜನರ ಮನಃಕ್ಲೇಶ ಮತ್ತು ಶ್ರಾವಕ ಸಮಾಜದ ಹೊಣೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಶಾಸ್ತ್ರವಿಷಯಗಳನ್ನು ಪಂಡಿತರು ಈಗಾಗಲೇ ಸಾಂಗವಾಗಿ ನಿರೂಪಿಸಿದ್ದಾರೆ. ನಾನು ಮೆಟ್ರಿಕ್‌ವರೆಗೆ ಓದಿ ಅಂಗಡಿಯಲ್ಲಿ ಕುಳಿತವನು. ಕಣ್ಣಿಗೆ ಕಂಡದ್ದನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಮನೆಗಳ ತರುಣ ತರುಣಿಯರಲ್ಲಿ ಕೆಲವರು ನಗುವುದನ್ನೇ ಮರೆತಿದ್ದಾರೆ. ಬಯಸಿದ ಸೀಟು ದೊರೆಯಲಿಲ್ಲ, ಬೆಂಗಳೂರಿನ ಕೆಲಸ ಹೋಯಿತು, ಕೂಡಿಬಂದ ಸಂಬಂಧ ತಪ್ಪಿತು. ಅಂದಿನಿಂದ ಕೋಣೆಯ ಬಾಗಿಲು ಮುಚ್ಚಿತು. ಇದನ್ನು ಸೋಮಾರಿತನವೆಂದು ಜರೆಯುವ ಹಿರಿಯರುಂಟು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂಕಿಅಂಶಗಳಂತೆ, ಜಗತ್ತಿನಲ್ಲಿ 15ರಿಂದ 29 ವರ್ಷದವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆಗೆ ಮೂರನೆಯ ಸ್ಥಾನ. ಇರುವೆಗೂ ನೋವಾಗದಂತೆ ನಡೆಯಬೇಕೆನ್ನುವ ನಾವು ಇದನ್ನು ಕೇಳಿ ಸುಮ್ಮನಿರಲಾಗದು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದೆಂಬುದನ್ನು ತಾವು ಬಲ್ಲಿರಿ. ಅದಕ್ಕೆ ನಿದರ್ಶನವಾಗಿ ಶ್ರೇಣಿಕ ಮಹಾರಾಜನ ಪುತ್ರ ವಾರಿಷೇಣನ ಕಥೆಯನ್ನು ಹೇಳುತ್ತಾರೆ. ದೀಕ್ಷೆ ಪಡೆದ ಗೆಳೆಯನ ಮನಸ್ಸು ಮನೆಯತ್ತ ಸೆಳೆಯುತ್ತಿದ್ದುದನ್ನು ಕಂಡ ಆ ಮುನಿಯು ಅವನನ್ನು ತೊರೆಯಲಿಲ್ಲ. ತಾನೇ ಜೊತೆಯಾಗಿ ಅರಮನೆಗೆ ನಡೆದು, ಅವನ ಚಿತ್ತವನ್ನು ನೆಲೆಗೊಳಿಸಿದನು. ಆ ಜೊತೆನಡಿಗೆಯೇ ನನಗೆ ಮುಖ್ಯವಾಗಿ ತೋರುತ್ತದೆ. ಇನ್ನೊಂದು ಮಾತು. ಸ್ಥಿತೀಕರಣಕ್ಕಿಂತ ಮೊದಲು ಉಪಗೂಹನವನ್ನು ಹೇಳಿದೆ. ಒಬ್ಬ ಹುಡುಗನ ಖಿನ್ನತೆಯು ಮದುವೆಮನೆಯ ಹರಟೆಗೆ ವಸ್ತುವಾದರೆ ಅವನು ಬಸದಿಯ ಮೆಟ್ಟಿಲು ಹತ್ತುವುದಾದರೂ ಹೇಗೆ?

ಈ ಉತ್ಸವದ ಸಿದ್ಧತೆಯಲ್ಲಿಯೇ ಒಂದು ಸಂಗತಿಯನ್ನು ಕಂಡೆ. ಹೆಸರು, ಮನೆತನ ಹೇಳಲಾರೆ. ತಿಂಗಳುಗಟ್ಟಲೆ ಹೊರಬಾರದಿದ್ದ ತರುಣನೊಬ್ಬನಿಗೆ ಉಗ್ರಾಣದ ಬೀಗದಕೈ ಕೊಟ್ಟೆವು. ಉಪದೇಶವನ್ನು ಯಾರೂ ಮಾಡಲಿಲ್ಲ. ಅಕ್ಕಿ, ಬೆಲ್ಲ, ತುಪ್ಪ, ತೆಂಗಿನಕಾಯಿಗಳ ಲೆಕ್ಕ ಅವನದು. ಮೊದಲ ವಾರ ತಡವಾಗಿ ಬಂದನು. ಎರಡು ದಿನ ಬರಲೇ ಇಲ್ಲ. ಆದರೆ ಬೀಗದಕೈ ಅವನಲ್ಲಿತ್ತು. ಅಡುಗೆಯವರು ಬಾಗಿಲಲ್ಲಿ ಕಾಯುತ್ತಿದ್ದರು! ಕ್ರಮೇಣ ಸೂರ್ಯೋದಯಕ್ಕೆ ಮುನ್ನವೇ ಬರತೊಡಗಿದನು. ಒಂದು ಸಂಜೆ ನನ್ನ ಕೂಡಿಕೆಯಲ್ಲಿ ಹದಿನಾಲ್ಕು ಕಾಯಿಗಳ ವ್ಯತ್ಯಾಸವಿದೆಯೆಂದು ತೋರಿಸಿ, ಮೆಲ್ಲನೆ ನಕ್ಕನು. ತನಗಾಗಿ ಕಾಯುವವರುಂಟು, ತನ್ನ ಲೆಕ್ಕ ಸರಿಬರುತ್ತದೆ ಎಂಬ ಎರಡು ನಂಬಿಕೆಗಳು ಅವನಲ್ಲಿ ಮರಳಿದಂತೆ ಕಂಡಿತು. ಅವನ ಕಾಯಿಲೆ ಪೂರ್ಣ ಹೋಯಿತೆಂದು ಹೇಳಲಾರೆ. ವೈದ್ಯರ ಔಷಧಿ ನಡೆಯುತ್ತಿದೆ, ನಡೆಯಬೇಕು.

ಏಕೆಂದರೆ ಇದೆಲ್ಲ ಕರ್ಮೋದಯ, ಔಷಧಿಯಿಂದೇನು ಎನ್ನುವವರಿದ್ದಾರೆ. ಜ್ವರವೂ ಅಸಾತಾವೇದನೀಯದ ಫಲವೇ. ಆದರೂ ಕಷಾಯ ಕುಡಿಯುತ್ತೇವೆ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಸೇರಿಸಿದ ಹಿರಿಯರು ಮನಸ್ಸಿನ ವ್ಯಾಧಿಯನ್ನು ಹೊರಗಿಡಲಿಲ್ಲ. ಕೇಂದ್ರ ಸರ್ಕಾರವು 2022ರ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಪಾಠಶಾಲೆಯ ಗೋಡೆಯ ಮೇಲೆ ಈ ಸಂಖ್ಯೆಯನ್ನು ಬರೆಸಿದ್ದೇವೆ.

ವ್ಯಾಪಾರಿಯಾಗಿ ಒಂದು ಕಟುಮಾತನ್ನೂ ಆಡುತ್ತೇನೆ. ಸವಾಲು ಹಿಡಿದವರಿಗೆ ಇಂದ್ರಪದವಿ, ಕಲಶ, ಮಾಲೆ. ತರುಣರಿಗೆ ಚಪ್ಪರದ ಗಳ ಹೊರುವ ಕೆಲಸ. ಉತ್ಸವ ಮುಗಿದ ಮರುದಿನ ಅವರ ನೆನಪು ಯಾರಿಗೂ ಇರುವುದಿಲ್ಲ. ಇದು ಸೇವೆಯಲ್ಲ, ಬಿಟ್ಟಿದುಡಿಮೆ. ನಿತ್ಯಾಭಿಷೇಕದ ವ್ಯವಸ್ಥೆ, ಗ್ರಂಥಭಂಡಾರ, ಯಾತ್ರಿಕರ ವಸತಿ, ದಶಲಕ್ಷಣ ಪರ್ವದ ಜಮಾಖರ್ಚು ಇವು ಅವರ ಕೈಗೆ ಬರಲಿ. ಹೆಣ್ಣುಮಕ್ಕಳಿಗೂ ಬರಲಿ. ತಪ್ಪಾದರೆ ತಿದ್ದೋಣ, ಸಭೆಯಲ್ಲಿ ಬೈಯುವುದು ಬೇಡ.

ಆಡಳಿತ ಸಮಿತಿಯು ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಮೊದಲ ಪಾಳಿ ಸೋಮವಾರ ಬೆಳಗಿನ ಅಭಿಷೇಕದಿಂದ ಆರಂಭ. ಹೆಸರು ಬರೆಸುವ ಯುವಕ ಯುವತಿಯರು ಊಟದ ಬಳಿಕ ಕಾರ್ಯಾಲಯಕ್ಕೆ ಬರಬೇಕು. ಅಲ್ಲಿ ಯಾರೂ ವಂತಿಗೆ ಕೇಳುವುದಿಲ್ಲ. ಜೈ ಜಿನೇಂದ್ರ.